ತೆಳುವಾಗಿ, ಮತ್ತೆ ಮತ್ತೆ

ಕಾರಿಗೆ ಮುಪ್ಪು ಮೊದಲು ಬರುವುದು ನೆತ್ತಿಗೆ. ರಾಯಚೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಮಕ್ತಲ್ ಹತ್ತಿರ ಚಹಾಕ್ಕೆಂದು ಇಳಿದಾಗ, ಇಲ್ಲವೇ ನಾರಾಯಣಪೇಟೆಯ ಸೀರೆ ಅಂಗಡಿಗಳ ಮುಂದೆ ಮದುವೆ ಜವಳಿಗೆ ಬಂದವರ ಗಾಡಿಗಳು ಸಾಲಾಗಿ ನಿಂತಾಗ, ಸುಮ್ಮನೆ ಗಮನಿಸಿ ನೋಡಿ. ಏಳೆಂಟು ವರ್ಷ ದುಡಿದ ಕಾರಿನ ಬಾಗಿಲುಗಳಲ್ಲಿ ಇನ್ನೂ ಮುಖ ಕಾಣುತ್ತದೆ. ಅದೇ ಕಾರಿನ ಬಾನೆಟ್ ಮಂಕಾಗಿರುತ್ತದೆ, ಮೇಲ್ಭಾಗ ಅಲ್ಲಲ್ಲಿ ಬೆಳ್ಳಗೆ ಸಿಪ್ಪೆ ಎದ್ದಿರುತ್ತದೆ. ಕೆಂಪು ಗಾಡಿಯಾದರಂತೂ ನೆತ್ತಿ ಒಂದು ಬಣ್ಣ, ಪಕ್ಕೆ ಇನ್ನೊಂದು ಬಣ್ಣ. ಯಜಮಾನನೇನು ಸೋಮಾರಿಯಲ್ಲ, ದಿನಾ ಬೆಳಿಗ್ಗೆ ಒರೆಸುತ್ತಾನೆ. ಆದರೆ ಒರೆಸುವ ಕೈ ಸಲೀಸಾಗಿ ಹೋಗುವುದು ಕಣ್ಣೆದುರಿಗಿನ ಬಾಗಿಲಿಗೆ. ಬಿಸಿಲು ಬೀಳುವುದೋ, ಯಾರೂ ನೋಡದ ನೆತ್ತಿಗೆ.

ಈ ಸೀಮೆಯ ಹವೆಯೂ ಸಾಮಾನ್ಯದ್ದಲ್ಲ. ಕೃಷ್ಣೆಗೆ ಭೀಮೆ ಬಂದು ಸೇರುವ ನಾಡು ಎಂದರೆ ದೂರದವರ ಕಿವಿಗೆ ತಂಪಾಗಿ ಕೇಳಿಸುತ್ತದೆ. ಮೇ ಕೊನೆಗೆ, ರೋಹಿಣಿ ಕೂಡುವ ಹೊತ್ತಿಗೆ, ಅವರು ಇಲ್ಲಿಗೆ ಬಂದು ನಿಲ್ಲಬೇಕು. ನಲವತ್ತು ಡಿಗ್ರಿ ದಾಟಿದ ಬಿಸಿಲು ಇಲ್ಲಿ ಸುದ್ದಿಯೇ ಅಲ್ಲ. ನಿಂತ ಕಾರಿನ ತಗಡು ಅದಕ್ಕಿಂತ ಎಷ್ಟೋ ಹೆಚ್ಚು ಕಾದು, ಅಂಗೈ ಇಡಲು ಬಿಡುವುದಿಲ್ಲ. ಅದರ ಮೇಲೆ ಧೂಳು. ಇಲ್ಲಿಯ ಗುಡ್ಡಗಳ ಗ್ರಾನೈಟ್ ಕಲ್ಲು ಸವೆದು ಆದ ಮಣ್ಣಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಅವು ಕಾರಿನ ಬಣ್ಣಕ್ಕಿಂತ ಬಹಳ ಗಟ್ಟಿ. ನದಿಯಾಚೆಯ ಶಕ್ತಿನಗರದಿಂದ ಹಾರುಬೂದಿ ತುಂಬಿಕೊಂಡ ಟ್ಯಾಂಕರುಗಳೂ ಇದೇ ರಸ್ತೆಯಲ್ಲಿ ಓಡಾಡುತ್ತವೆ. ತೊಳೆಯೋಣವೆಂದರೆ ಬೋರಿನ ನೀರು ಗಡಸು, ಆರಿದ ಮೇಲೆ ಬಿಳಿ ಚುಕ್ಕೆ ಬಿಡುತ್ತದೆ. ನೆರಳಿಗೆಂದು ಬೇವಿನ ಮರದ ಕೆಳಗೆ ನಿಲ್ಲಿಸಿದರೆ ಮೇಲಿನಿಂದ ಹಕ್ಕಿಗಳು ತಮ್ಮ ಪಾಲು ಸಲ್ಲಿಸುತ್ತವೆ. ಹಿಕ್ಕೆಯಲ್ಲಿ ಆಮ್ಲವಿದೆ. ಬಿಸಿಲಿಗೆ ಮೆತ್ತಗಾಗಿ ಹಿಗ್ಗಿದ ಬಣ್ಣ ಸಂಜೆ ತಣ್ಣಗಾಗಿ ಕುಗ್ಗುವಾಗ, ಒಣಗಿ ಗಟ್ಟಿಯಾದ ಹಿಕ್ಕೆಯ ಸುತ್ತ ಬಿಗಿದುಕೊಂಡು ಕಲೆ ಅಚ್ಚೊತ್ತುತ್ತದೆ. ಬಿಸಿಲೋ ಬೇವೋ ಎಂದು ತೂಗುತ್ತ ಗಾಡಿ ಹಿಂದೆ ಮುಂದೆ ಮಾಡುವ ಗೃಹಸ್ಥರು ನಮ್ಮಲ್ಲಿ ಕಡಿಮೆಯಿಲ್ಲ.

ಇಷ್ಟೆಲ್ಲ ಪೆಟ್ಟು ತಿನ್ನುವ ಬಣ್ಣ ಎಷ್ಟು ದಪ್ಪವಿದೆ ಎಂದು ಕೇಳಿದರೆ ಆಶ್ಚರ್ಯವಾಗುತ್ತದೆ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲದರ ಮೇಲೆ ಗಾಜಿನಷ್ಟು ಪಾರದರ್ಶಕವಾದ ಒಂದು ಪದರ. ಎಲ್ಲ ಸೇರಿಸಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಹತ್ತು ಪಾಲು ಮಾಡಿದರೆ ಒಂದು ಪಾಲು, ಇಲ್ಲವೇ ಒಂದೂವರೆ. ಹೊಳಪು ಕೊಡುವ ಆ ಮೇಲಿನ ಪದರವಂತೂ ಸುಮಾರು 40–50 ಮೈಕ್ರಾನ್ ಮಾತ್ರ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಮದ್ದನ್ನು ಕಾರ್ಖಾನೆಯವರು ಬೆರೆಸಿರುವುದೂ ಅದರೊಳಗೇ. ಅದು ಸವೆದು ಹೋದರೆ ಕೆಳಗಿನ ಬಣ್ಣಕ್ಕೆ ರಕ್ಷಣೆ ಉಳಿಯದು. ಸಿಪ್ಪೆ ಎದ್ದ ಮೇಲೆ ಯಾವ ಪಾಲಿಶೂ ನಾಟುವುದಿಲ್ಲ, ಮತ್ತೆ ಪೇಂಟ್ ಹೊಡೆಸುವುದೇ ದಾರಿ. ಆದ್ದರಿಂದ ತಿಳಿದವರು ಆ ಪದರದ ಮೇಲೆ ಇನ್ನೊಂದು ಪದರ ಹಚ್ಚುತ್ತಾರೆ. ಅದು ಮೇಣ. ಧೂಳು, ಉಪ್ಪು, ಹಿಕ್ಕೆ ಎಲ್ಲವೂ ಮೊದಲು ಮೇಣಕ್ಕೆ ತಾಗುತ್ತವೆ. ಸವೆಯುವುದು ಮೇಣ, ಉಳಿಯುವುದು ಬಣ್ಣ. ಬಿಸಿಲನ್ನು ಮಾತ್ರ ಮೇಣವೊಂದೇ ಪೂರ್ತಿ ತಡೆಯಲಾರದು, ಅದಕ್ಕೆ ನೆರಳೂ ಬೇಕು. ಆದರೆ ಉಳಿದ ಶತ್ರುಗಳನ್ನು ಮೇಣ ತಾನು ಸವೆಯುವವರೆಗೂ ಹೊರಗೇ ನಿಲ್ಲಿಸುತ್ತದೆ.

ಈ ಮೇಣದಲ್ಲಿ ಹೆಸರಾದದ್ದು ಕಾರ್ನೌಬಾ. ಅದು ಬರುವುದು ಬ್ರೆಜಿಲ್ ದೇಶದ ಈಶಾನ್ಯ ಭಾಗದ ಸಿಯಾರಾ, ಪಿಯಾವಿ ಮುಂತಾದ ರಾಜ್ಯಗಳ ಒಂದು ತಾಳೆಮರದ ಎಲೆಯಿಂದ. ಅದೂ ನಮ್ಮಂತೆ ಬರ ಕಂಡ, ಬಿಸಿಲು ಕಾಯುವ ಸೀಮೆ. ತನ್ನ ಮೈಯ ನೀರು ಆರಿಹೋಗದಿರಲೆಂದು ಆ ಮರ ಎಲೆಯ ಮೇಲೆ ತಾನೇ ಮೇಣ ಒಸರಿಸಿಕೊಳ್ಳುತ್ತದೆ. ಜನ ಆ ಎಲೆಗಳನ್ನು ಕೊಯ್ದು, ಒಣಗಿಸಿ, ಬಡಿದು ಪುಡಿ ಉದುರಿಸಿ, ಕರಗಿಸಿ ಮಾರುತ್ತಾರೆ. ಎಂಬತ್ತು ಡಿಗ್ರಿ ದಾಟಿದ ಮೇಲೆಯೇ ಕರಗುವ ಗಟ್ಟಿ ಮೇಣವಿದು. ಔಷಧದ ಗುಳಿಗೆಗೂ ಮಿಠಾಯಿಗೂ ಮೇಲುಲೇಪವಾಗಿ ಬಳಸುವುದು ಇದನ್ನೇ. ಇಂಥ ಜಾಣತನ ನೋಡಲು ಬ್ರೆಜಿಲಿಗೇ ಹೋಗಬೇಕೆಂದಿಲ್ಲ. ಗದ್ವಾಲದ ದಾರಿಯುದ್ದಕ್ಕೂ ಯಾರೂ ನೆಡದೆ, ನೀರೂ ಹಾಕದೆ ಬೆಳೆದ ಎಕ್ಕದ ಗಿಡದ ಎಲೆಯನ್ನು ಬೆರಳಿನಿಂದ ಸವರಿದರೆ ಬಿಳಿ ಪುಡಿ ಅಂಟುತ್ತದೆ. ಅದೂ ಮೇಣವೇ. ರಥಸಪ್ತಮಿಯ ದಿನ ತಲೆ, ಹೆಗಲ ಮೇಲೆ ಆ ಎಲೆ ಇಟ್ಟುಕೊಂಡು ಸ್ನಾನ ಮಾಡುತ್ತೇವಲ್ಲ, ಬಿಸಿಲಿಗೆ ಎದುರಾಗಿ ಬದುಕುವ ಉಪಾಯ ಬಲ್ಲ ಗಿಡ ಅದು. ಮೇಣವನ್ನು ಒಂದು ದಿನ ಮೆತ್ತಿಕೊಂಡು ಅದು ಸುಮ್ಮನಾಗುವುದಿಲ್ಲ. ಚಿಗುರುವ ಪ್ರತಿ ಎಲೆಗೂ ಹೊಸದಾಗಿ ಲೇಪಿಸಿಕೊಳ್ಳುತ್ತದೆ.

ಕಾರಿಗೆ ಮೇಣ ಹಚ್ಚುವುದು ದೊಡ್ಡ ವಿದ್ಯೆಯೇನಲ್ಲ, ಕ್ರಮ ತಪ್ಪಬಾರದು ಅಷ್ಟೆ. ಬೆಳಗಿನ ತಂಪು ಹೊತ್ತು, ನೆರಳು, ತಣ್ಣಗಿನ ಬಾನೆಟ್ ಬೇಕು. ಮೊದಲು ನೀರು ಸುರಿದು ಧೂಳು ಇಳಿಸಬೇಕು. ಒಣ ಧೂಳಿನ ಮೇಲೆ ಹಳೆ ಬನಿಯನ್ ಬಟ್ಟೆ ಆಡಿಸಿದರೆ ಬೆಣಚಿನ ಕಣಗಳು ಬಣ್ಣವನ್ನು ಸಣ್ಣಗೆ ಗೀರುತ್ತವೆ. ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ಗೆರೆಗಳೆಲ್ಲ ಬಹುಪಾಲು ನಮ್ಮ ದಿನದಿನದ ಪ್ರೀತಿಯ ಫಲ. ಗಾಡಿ ತೊಳೆಯಲೆಂದೇ ಮಾಡಿದ ಶಾಂಪೂ ಬಳಸುವುದು ಒಳ್ಳೆಯದು. ಪಾತ್ರೆ ತೊಳೆಯುವ ಸೋಪು ಜಿಡ್ಡಿನ ಜೊತೆಗೆ ಹಳೆಯ ಮೇಣವನ್ನೂ ತೆಗೆದುಬಿಡುತ್ತದೆ. ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು ಎಂದು ಮಾಡಿಕೊಂಡರೆ ಸಾಕು, ಪೈಪು ಬಿಡಬೇಕಿಲ್ಲ. ನೀರಿಲ್ಲದೆ ಗುಳೆ ಹೋದವರ ಪಾಲಮೂರು ಸೀಮೆ ಇದು, ರಸ್ತೆಗೆ ಹರಿಯುವ ನೀರು ಇಲ್ಲಿ ನೋಡಲೂ ಚೆನ್ನಾಗಿರುವುದಿಲ್ಲ. ಬೋರಿನ ನೀರು ತಾನಾಗಿ ಆರುವ ಮೊದಲೇ ಒರೆಸಿ, ಆಮೇಲೆ ಒದ್ದೆ ಸ್ಪಂಜಿನಲ್ಲಿ ಚೂರೇ ಚೂರು ಮೇಣ ತೆಗೆದುಕೊಂಡು ಒಂದೊಂದೇ ಭಾಗಕ್ಕೆ ಸವರಬೇಕು. ಮಬ್ಬಾಗಿ ಒಣಗಿದ ಮೇಲೆ ಬೆರಳೆಳೆದು ನೋಡಿ. ಗೆರೆ ಶುಚಿಯಾಗಿ ಬಂದರೆ ಒರೆಸುವ ಹೊತ್ತಾಯಿತು. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಮಾತ್ರ ತಾಗಿಸಬೇಡಿ, ಬಿಳಿ ಕಲೆ ಉಳಿಯುತ್ತದೆ. ಆಮೇಲೆ ಒಂದು ಚೊಂಬು ನೀರು ಸುರಿದರೆ ಅದು ಹನಿಹನಿಯಾಗಿ ಜಾರುತ್ತದೆ. ದಿನ ಕಳೆದಂತೆ ನೀರು ಹನಿಗಟ್ಟದೆ ಹಾಳೆಯಂತೆ ಹರಡತೊಡಗಿದರೆ ಮೇಣದ ಆಯುಸ್ಸು ಮುಗಿಯಿತೆಂದು ತಿಳಿಯಬೇಕು.

ಹೊಸಬರು ಎಡವುವುದು ಒಂದೇ ಕಡೆ. ಡಬ್ಬಿಯಲ್ಲಿ ಬೇಕಾದಷ್ಟಿದೆ, ದಪ್ಪಗೆ ಹಚ್ಚಿದರೆ ಹೆಚ್ಚು ದಿನ ಬಂದೀತು ಎಂಬುದು ಅವರ ಲೆಕ್ಕ. ಹಾಗೆ ಬರುವುದಿಲ್ಲ. ಬಣ್ಣ ಹಿಡಿದಿಟ್ಟುಕೊಳ್ಳುವುದು ಎಳೆಯಷ್ಟು ಪದರವನ್ನು ಮಾತ್ರ, ಮಿಕ್ಕಿದ್ದೆಲ್ಲ ಒರೆಸುವ ಬಟ್ಟೆಯ ಪಾಲು. ದಪ್ಪಗೆ ಮೆತ್ತಿದರೆ ಸಂದಿಗೊಂದಿಯಲ್ಲಿ ಬಿಳಿ ಕಟ್ಟಿ, ತೋಳು ನೋಯುತ್ತದೆ. ಈ ಮಾತು ಗದ್ವಾಲ, ನಾರಾಯಣಪೇಟೆಗಳ ನೇಕಾರರಿಗೆ ಹೊಸದಲ್ಲ. ಎರಡೂ ಊರಿನ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಗದ್ವಾಲದ್ದು ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸಿದ ನೇಯ್ಗೆ. ಮಗ್ಗದಲ್ಲಿ ಹಣಿಗೆ ಬಡಿಯುವಾಗ, ಲಾಳಿ ಓಡುವಾಗ ಹಾಸಿನ ಹತ್ತಿ ನೂಲು ತಿಕ್ಕಾಟಕ್ಕೆ ಸಿಕ್ಕಿ ಹರಿಯದಿರಲೆಂದು ಮೊದಲೇ ಅದಕ್ಕೆ ಗಂಜಿ ಹಚ್ಚಿ ಒಣಗಿಸುತ್ತಾರೆ. ಗಂಜಿ ದಪ್ಪವಾದರೆ ನೂಲು ಸೆಟೆದು ಮುರಿಯುತ್ತದೆ, ಕಡಿಮೆಯಾದರೆ ಎಳೆ ಬಿಡುತ್ತದೆ. ತೆಳುವಾಗಿ, ಒಂದೇ ಸಮವಾಗಿ ಕೂತರೆ ಮಾತ್ರ ಸೀರೆ ಇಳಿಯುತ್ತದೆ. ನೀರು ತಾಗಿದ ದಿನ ಆ ಗಂಜಿ ಹೊರಟುಹೋಗುತ್ತದೆ. ಉಟ್ಟವರು ಅಂಚನ್ನು ಹೊಗಳುತ್ತಾರೆ, ಬಣ್ಣವನ್ನು ಹೊಗಳುತ್ತಾರೆ. ಗಂಜಿಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ಬರಬೇಕೆಂದು ಅದು ಕಾದಿರುವುದೂ ಇಲ್ಲ.

ಇನ್ನು ಹೊಳಪಿನ ಬಗ್ಗೆ ಒಂದು ಮಾತು. ಪೇಂಟಿಂಗ್ ಅಂಗಡಿಯಲ್ಲಿ ‘ರಬ್ಬಿಂಗ್’ ಮಾಡಿಸಿದರೂ ಗಾಡಿ ಮಿಂಚುತ್ತದೆ, ಮೇಣ ಹಚ್ಚಿದರೂ ಮಿಂಚುತ್ತದೆ. ನೋಡಲು ಎರಡೂ ಒಂದೇ ಎನ್ನಿಸಬಹುದು. ಆದರೆ ರಬ್ಬಿಂಗ್ ಎಂದರೆ ಗೀರು ಕಾಣದಂತೆ ಮೇಲಿನ ಪದರವನ್ನೇ ಕೊಂಚ ಉಜ್ಜಿ ತೆಗೆಯುವುದು. ಮೇಣ ತೆಗೆಯುವುದಿಲ್ಲ, ಸೇರಿಸುತ್ತದೆ. ಇರುವುದೇ ನಲವತ್ತು ಐವತ್ತು ಮೈಕ್ರಾನ್ ಆದಾಗ, ವರ್ಷವರ್ಷವೂ ಉಜ್ಜಿಸಿ ಪಡೆದ ಹೊಳಪು ಬಂಡವಾಳ ಕರಗಿಸಿ ಉಂಡ ಊಟ. ತೀರಾ ಅಗತ್ಯ ಬಿದ್ದಾಗ ಮಾಡಿಸಬೇಕು, ಚಟ ಮಾಡಿಕೊಳ್ಳಬಾರದು. ಮಕ್ಕಳನ್ನು ಗದರಿ ತಿದ್ದುವ ನಾವೂ ನೆನಪಿಡಬೇಕಾದ ಮಾತಿದು. ಗದರಿಕೆಯಿಂದ ಆ ಹೊತ್ತಿಗೆ ಹೊಳಪು ಬರುತ್ತದೆ, ಒಳಗೆ ಏನೋ ಒಂದಿಷ್ಟು ತೆಳುವಾಗಿರುತ್ತದೆ. ಪಟ್ಟಣದಲ್ಲಿ ಈಗ ಸೆರಾಮಿಕ್ ಕೋಟಿಂಗ್ ಬಂದಿದೆ, ವರ್ಷಗಟ್ಟಲೆ ಬಾಳುತ್ತದೆ, ಬೆಲೆಯೂ ಹಾಗೇ ಇದೆ. ಅದನ್ನು ಮಾಡಿಸಿದವರಿಗೂ ತೊಳೆಯುವ ಕೆಲಸ ತಪ್ಪಿಲ್ಲ. ಒಮ್ಮೆ ಹಣ ಕೊಟ್ಟು ಎಂದೆಂದಿಗೂ ಮರೆತುಬಿಡಬಹುದಾದ ರಕ್ಷಣೆಯನ್ನು ಈವರೆಗೆ ಯಾರೂ ಮಾರಿಲ್ಲ.

ನಮ್ಮ ಅಭ್ಯಾಸವೋ, ವರ್ಷಕ್ಕೊಂದು ಸಲ ಎಲ್ಲವನ್ನೂ ತೀರಿಸಿಬಿಡುವುದು. ಆಯುಧಪೂಜೆಯ ಬೆಳಿಗ್ಗೆ ಕಾರಿಗೆ ಆಗುವ ಉಪಚಾರ ನೋಡಬೇಕು. ಗಾಲಿಗೆ ನಿಂಬೆಹಣ್ಣು, ಗಾಜಿಗೆ ವಿಭೂತಿ, ಬಾನೆಟ್ಟಿಗೆ ಕುಂಕುಮ, ಚೆಂಡುಹೂವಿನ ಹಾರ, ಮುಂದೆ ಕುಂಬಳಕಾಯಿ. ಭಕ್ತಿ ಒಳ್ಳೆಯದೇ, ಬೇಡವೆನ್ನುವವರು ಯಾರು? ಆದರೆ ಒದ್ದೆ ಕುಂಕುಮವನ್ನು ವಾರಗಟ್ಟಲೆ ಬಿಸಿಲಲ್ಲಿ ಹಾಗೇ ಬಿಟ್ಟರೆ ಅದೂ ಕಲೆಯಾಗುತ್ತದೆ. ಮರುದಿನದಿಂದ ಮುಂದಿನ ದಸರೆಯವರೆಗೆ ಗಾಡಿಯ ಗತಿ ದೇವರಿಗೇ ಪ್ರೀತಿ. ನಮ್ಮ ಹಿರಿಯರು ಎತ್ತುಗಳನ್ನು ಹೀಗೆ ನೋಡಿಕೊಂಡವರಲ್ಲ. ಕಾರಹುಣ್ಣಿಮೆಗೆ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚಿ ಮೆರೆಸುತ್ತಿದ್ದುದು ನಿಜ, ಜೊತೆಗೆ ದಿನವೂ ಸಂಜೆ ಹೊಲದಿಂದ ಬಂದೊಡನೆ ನೊಗ ತಾಗಿದ ಹೆಗಲನ್ನು ಕೈಯಿಂದ ಸವರಿ ನೋಡುತ್ತಿದ್ದುದೂ ನಿಜ. ಹಬ್ಬದ ದಿನ ಊರೆಲ್ಲ ನೋಡುವುದು ಕೋಡನ್ನು. ಒಕ್ಕಲಿಗನ ಕೈ ಹುಡುಕುತ್ತಿದ್ದುದು ಹೆಗಲನ್ನು.

ಮನೆಯಲ್ಲೂ ಬಿಸಿಲು ಎಲ್ಲರ ಮೇಲೆ ಒಂದೇ ಸಮ ಬೀಳುವುದಿಲ್ಲ. ಮಗನ ಅಂಕ ಕಡಿಮೆ ಬಂದರೆ, ಗ್ಯಾಸ್ ಸಿಲಿಂಡರ್ ನಡುವೆಯೇ ತೀರಿದರೆ, ನೆಂಟರು ಮದುವೆಯಲ್ಲಿ ಮುನಿಸಿಕೊಂಡರೆ, ಮಾತು ಕೇಳುವವರು ಪ್ರತಿ ಸಲ ಅದೇ ಒಬ್ಬರಾಗಿರುತ್ತಾರೆ. ಕೆಲವು ಮನೆಯಲ್ಲಿ ಅದು ತಾಯಿ, ಕೆಲವು ಮನೆಯಲ್ಲಿ ಊರಲ್ಲೇ ಉಳಿದು ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಅಣ್ಣ, ಕೆಲವು ಮನೆಯಲ್ಲಿ ಹೊಸದಾಗಿ ಬಂದ ಸೊಸೆ. ನಾವು ನಯವಾದ ಮಾತೆಲ್ಲ ಖರ್ಚು ಮಾಡುವುದು ಹೊರಗಿನವರಿಗೆ, ಕಚೇರಿಯ ಸಾಹೇಬರಿಗೆ, ವರ್ಷಕ್ಕೊಮ್ಮೆ ಬರುವ ಅತಿಥಿಗೆ. ಅವರೆಲ್ಲ ಕಾರಿನ ಬಾಗಿಲುಗಳು, ಹೇಗೂ ಬಣ್ಣ ಕೆಡದವು. “ವರ್ಷಕ್ಕೊಂದು ಗದ್ವಾಲ ಸೀರೆ ತಂದು ಕೊಡ್ತೀನಲ್ಲ, ಇನ್ನೇನು ಬೇಕು?” ಎಂದು ಕೇಳುವ ಯಜಮಾನರಿದ್ದಾರೆ. ಸೀರೆ ಚೆನ್ನಾಗಿಯೇ ಇರುತ್ತದೆ, ಮನೆಯಾಕೆಗೆ ಇಷ್ಟವೂ ಆಗುತ್ತದೆ. ಆದರೆ ಅದು ದಪ್ಪಗೆ ಮೆತ್ತಿದ ಮೇಣ, ಮುನ್ನೂರ ಅರವತ್ತು ದಿನದ ಧೂಳಿಗೆ ಸಾಲುವುದಿಲ್ಲ. “ಊಟ ಆಯ್ತೇನು? ಬೆಳಿಗ್ಗೆಯಿಂದ ಒಂದೇ ಸಮನೆ ನಿಂತೀಯಲ್ಲ, ಸ್ವಲ್ಪ ಕೂಡು” ಎಂದು ದಿನವೂ ಆಡುವ ಮಾತಿಗೆ ಖರ್ಚಿಲ್ಲ, ಫೋಟೋ ತೆಗೆಯುವಷ್ಟು ಚೆಂದವೂ ಅದಕ್ಕಿಲ್ಲ. ಮರುದಿನಕ್ಕೆ ಅದು ಸವೆದೂ ಹೋಗುತ್ತದೆ. ಸವೆಯಲೆಂದೇ ಹಚ್ಚಿದ್ದು ಅದು. ಮತ್ತೆ ಹೇಳಿದರಾಯಿತು. ಮೊದಲೇ ಮುನಿಸಿದ್ದರೆ ಮಾತ್ರ ಕ್ರಮ ಮರೆಯಬಾರದು. ಬಿಸಿ ಆರಲಿ, ಧೂಳು ಇಳಿಯಲಿ, ತಪ್ಪು ನಮ್ಮದಾಗಿದ್ದರೆ ಅದನ್ನು ಮೊದಲು ಹೇಳಿ ತೊಳೆಯೋಣ. ತೊಳೆಯದೆ ಸವರಿದ ಸಿಹಿಮಾತು ಗೀರುತ್ತದೆ.

ಈ ಗಡಿಸೀಮೆ ತಾನೇ ಉಳಿದು ಬಂದದ್ದೂ ಹೀಗೆಯೇ. 1956ರ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಕಾಗದದ ಮೇಲಿನ ಗೆರೆ ಒಂದೇ ದಿನದ ಕೆಲಸ. ಗೆರೆಯ ಈಚೆ ಆಚೆಯ ಬೀಗರು ಬೀಗರಾಗಿಯೇ ಉಳಿಯಬೇಕಾದರೆ ಅದಕ್ಕೆ ಅರುವತ್ತು ಎಪ್ಪತ್ತು ವರ್ಷಗಳ ಓಡಾಟ ಬೇಕಾಯಿತು. ಜಾತ್ರೆಗೆ ಬಂದದ್ದು, ಬಾಣಂತಿಗೆ ಕೊಬ್ಬರಿ ತಂದದ್ದು, ಆಸ್ಪತ್ರೆಗೆಂದು ರಾಯಚೂರಿಗೆ ಬಂದವರು ಒಂದು ರಾತ್ರಿ ಉಳಿದದ್ದು, ಬಸ್ಸಿನಲ್ಲಿ ತೆಲುಗಿನಲ್ಲಿ ಶುರುವಾದ ಮಾತು ಇಳಿಯುವಷ್ಟರಲ್ಲಿ ಕನ್ನಡಕ್ಕೆ ಹೊರಳಿದ್ದು. ಯಾವ ಸರ್ಕಾರದ ಆಜ್ಞೆಯೂ ಇದನ್ನು ಮಾಡಿಸಲಿಲ್ಲ. ಕೃಷ್ಣಾ, ಮಕ್ತಲ್ ಊರುಗಳ ಕಡೆಯ ಮನೆಗಳಲ್ಲಿ ಕನ್ನಡ ಇಂದಿಗೂ ಒಲೆಯ ಮುಂದಿನ ಮಾತಾಗಿರುವುದಕ್ಕೆ ದೊಡ್ಡ ಸಮ್ಮೇಳನಗಳಿಗಿಂತ ಅಲ್ಲಿಯ ಅಜ್ಜಿಯರು ದಿನವೂ ಮಕ್ಕಳನ್ನು ಕನ್ನಡದಲ್ಲಿ ಊಟಕ್ಕೆ ಕರೆದದ್ದು ಹೆಚ್ಚಿನ ಕಾರಣ.

ಹಾಗಾಗಿ ಒಂದು ಸಣ್ಣ ಸಲಹೆ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಉಗಾದಿ, ಕಾರಹುಣ್ಣಿಮೆ, ನಾಗರಪಂಚಮಿ, ದಸರೆ, ಸಂಕ್ರಾಂತಿ ಇವುಗಳ ಹಿಂದಿನ ಭಾನುವಾರಕ್ಕೆ ಒಂದೊಂದು ಗುರುತು ಹಾಕಿಕೊಳ್ಳಿ. ಹೆಚ್ಚು ಕಡಿಮೆ ಎರಡು ಮೂರು ತಿಂಗಳಿಗೊಮ್ಮೆ ಬೀಳುವ ಲೆಕ್ಕವಿದು, ಮೇಣದ ಆಯುಸ್ಸಿಗೆ ಸರಿಯಾಗಿ ಹೊಂದುತ್ತದೆ. ಗಾಡಿಗೆ ಒಂದು ತಾಸು ಸಾಕು, ಸ್ಟೂಲು ಹಾಕಿಕೊಂಡಾದರೂ ಮೇಲ್ಭಾಗದಿಂದ ಶುರುಮಾಡಿ. ಕಾರಿಲ್ಲದವರು ಸೈಕಲ್ಲಿಗೋ ಮೋಟಾರ್ ಸೈಕಲ್ಲಿನ ಟ್ಯಾಂಕಿಗೋ ಹಚ್ಚಬಹುದು, ಮೇಣ ಭೇದ ಮಾಡುವುದಿಲ್ಲ. ಆ ಗುರುತಿನ ಪಕ್ಕದಲ್ಲೇ ಒಂದು ಹೆಸರನ್ನೂ ಬರೆದಿಡಿ. ನಮ್ಮವರಲ್ಲಿ ಯಾರ ಮೇಲೆ ಬಿಸಿಲು ಹೆಚ್ಚು ಬೀಳುತ್ತಿದೆಯೋ ಅವರ ಹೆಸರು. ಕೈ ತೊಳೆದುಕೊಂಡ ಮೇಲೆ ಅವರಿಗೆ ಫೋನು ಮಾಡಿ, ಹತ್ತಿರದಲ್ಲೇ ಇದ್ದರೆ ಹೋಗಿ ಕೂತು ಮಾತಾಡಿ. ಮೊದಲ ಸಲ ಅವರು “ಏನು ವಿಶೇಷ?” ಎಂದು ಅನುಮಾನದಿಂದಲೇ ಕೇಳಿಯಾರು. ಮೂರನೆಯ ಸಲಕ್ಕೆ ಕೇಳುವುದನ್ನು ಬಿಡುತ್ತಾರೆ, ಚಹಾಕ್ಕೆ ನೀರಿಡುತ್ತಾರೆ.